ಮೊದಲ ಸೊಪ್ಪು ಹಾಕುವ ಕೈ

ಜೂನ್ ೯, ೨೦೨೪

ಅಕ್ಕ, ನೀನು ಹೋಗಿ ಈ ಶ್ರಾವಣಕ್ಕೆ ವರ್ಷವಾಗುತ್ತದೆ. ಪಾವಗಡಕ್ಕೆ ಕಾಗದ ಹಾಕುವ ಕೆಲಸ ತಪ್ಪಿತು, ಬರೆಯುವ ಚಟ ತಪ್ಪಲಿಲ್ಲ. ಅದಕ್ಕೇ ಈ ನೋಟುಬುಕ್ಕು. ಯಾರೂ ಓದುವುದಿಲ್ಲವಾದ್ದರಿಂದ ಒತ್ತು, ದೀರ್ಘ ತಪ್ಪಿದರೆ ಬೈಯುವವರೂ ಇಲ್ಲ. ಹುಳದ ತಟ್ಟೆಯ ಬೆನ್ನಿನ ಮೇಲೆ ಇದ್ದಲಿನಲ್ಲಿ ನನಗೆ ಅಕ್ಷರ ತೀಡಿಸಿದವಳು ನೀನು. ತಪ್ಪಿದ್ದರೆ ಗುರುವಿನದೇ.

ಇವತ್ತು ನಿನ್ನ ಮೊಮ್ಮಗ ಅಂಜನ್ ಕುಮಾರ್ ಬಂದಿದ್ದ. ಕೊಡಿಗೇನಹಳ್ಳಿಯಲ್ಲಿ ಬಸ್ಸಿಳಿದು ಆಟೋದಲ್ಲಿ ಬಂದ. ತೊಡೆಯ ಮೇಲೆ ಗಾಜಿನ ಪೆಟ್ಟಿಗೆ. ಮೀನು ಎಂದುಕೊಂಡೆ. ನೋಡಿದರೆ ಹಲ್ಲಿ. ಮೂರು ಹಲ್ಲಿ, ಹಳದಿ ಮೈ, ಮೇಲೆಲ್ಲ ಕಪ್ಪು ಚುಕ್ಕೆ. ಪರದೇಶದ ಜಾತಿಯಂತೆ, ಸಾಕುವುದಕ್ಕೆ ಸರ್ಕಾರದ ಕಾಗದವೂ ಇದೆಯಂತೆ. ಒಂದಕ್ಕೆ ಬೂಂದಿ, ಇನ್ನೊಂದಕ್ಕೆ ಜಿಲೇಬಿ ಎಂದು ಹೆಸರು. ಮೂರನೆಯದಕ್ಕೆ ಹೆಸರಿಟ್ಟಿಲ್ಲ, ಅದು ಕಚ್ಚುತ್ತದೆ.

ನಾಲ್ಕು ತಿಂಗಳು ಕೆಲಸದ ತರಬೇತಿಗೆ ಹೊರಗೆ ಹೋಗುತ್ತಾನೆ. ಅಲ್ಲಿಯವರೆಗೆ ನಾನು ನೋಡಿಕೊಳ್ಳಬೇಕು. ನಾನೇ ಯಾಕೆಂದರೆ, ಇವಕ್ಕೆ ರೇಷ್ಮೆ ಹುಳ ಒಳ್ಳೆಯ ಆಹಾರವಂತೆ, ಮೆತ್ತಗೆ, ನೀರಿನಂಶ ಹೆಚ್ಚು. “ತುಮಕೂರಲ್ಲಿ ಹುಡುಕಿ ಹುಡುಕಿ ಸಾಕಾಯ್ತು ತಾತ. ನಿಮ್ಮೂರಲ್ಲಿ ಮನೆಮನೇಲೂ ಹುಳ ಅವೆಯಲ್ಲ” ಎಂದ.

ನಲವತ್ತು ವರ್ಷ ಹುಳದ ಮನೆಯ ಸಂದಿಸಂದಿಗೆ ಮಣ್ಣು ಮೆತ್ತಿ ಹಲ್ಲಿ ಬರದಂತೆ ಕಾದವನು ನಾನು. ನಾಲ್ಕನೇ ಜ್ವರಕ್ಕೆ ಕೂತು ಪೊರೆ ಬಿಡುತ್ತಿದ್ದ ಹುಳ ಹಲ್ಲಿಯ ಬಾಯಲ್ಲಿ ಅಡ್ಡಡ್ಡ ಒದ್ದಾಡುವುದನ್ನು ನೋಡಿ ನಮ್ಮವ್ವ ಊಟ ಬಿಟ್ಟದ್ದು ನಿನಗೆ ನೆನಪಿರಬೇಕು. ಹುಳ ಸತ್ತಿತು ಎನ್ನಬಾರದು, ದೇವರು ಮುನಿಯಿತು ಎನ್ನಬೇಕು ಎಂದವಳು ಅವಳು. ಆದರೆ ನಿನ್ನ ಮೂಗು, ನಿನ್ನ ಹಣೆ ಹೊತ್ತು ಬಂದವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಜೂನ್ ೧೨

ಮೂರು ದಿನ ಹಲ್ಲಿಗಳು ಏನೂ ತಿನ್ನಲಿಲ್ಲ. ಅಂಜನ್ ಬಿಟ್ಟುಹೋದ ಡಬ್ಬಿಯ ಹುಳ ಬಂದ ದಿನವೇ ಮುಗಿದಿತ್ತು. ನನ್ನಲ್ಲಿ ಹುಳವಿಲ್ಲ. ಮೇಯಿಸುವುದನ್ನು ಬಿಟ್ಟು, ತೋಟವನ್ನು ಮಗಳು ಭುವನಾಗೆ ಕೊಟ್ಟು ಎರಡು ವರ್ಷವಾಯಿತಲ್ಲ.

ಇವತ್ತು ಮಂಜಮ್ಮನ ಮನೆಗೆ ಹೋದೆ. ಅವಳ ಹುಳ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಬಂದಿವೆ. ಜೊತೆಯವೆಲ್ಲ ಜ್ವರ ಬಿಟ್ಟೆದ್ದರೂ ಸಣ್ಣಗೇ ಉಳಿದ ಹುಳಗಳನ್ನು ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದಳು. ಸುಣ್ಣದ ಗುಂಡಿಗೆ ಹೋಗುವ ಹುಳ. ಕೇಳಿದೆ, ಕೊಟ್ಟಳು. “ಹಲ್ಲಿಗಾ ಮಾವ? ನಾಳೆ ಇಲಿ ಸಾಕ್ತೀಯಾ?” ಎಂದು ಸೆರಗು ಬಾಯಿಗಿಟ್ಟು ನಕ್ಕಳು.

ಬೂಂದಿ ಮೊದಲು ಕಣ್ಣು ಮುಚ್ಚಿ ತೆರೆಯಿತು. ಈ ಹಲ್ಲಿಗೆ ರೆಪ್ಪೆ ಇದೆ ಅಕ್ಕ. ಮನುಷ್ಯರ ಹಾಗೆ ನೋಡುತ್ತದೆ. ಬಾಲದ ತುದಿಯನ್ನು ಹಾವಿನಂತೆ ಆಡಿಸಿತು. ಆಮೇಲೆ ಟಪ್ ಎಂದಿತು, ಅಷ್ಟೇ. ನಾನು ಮುಖ ತಿರುಗಿಸಿಕೊಂಡೆ.

ಸಂಜೆ ಭುವನಾ ಬಂದವಳು ಬಕೆಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಹಿಂದೆ ಬಿದ್ದ ಹುಳ ಮನೆಯೊಳಗೆ ತರಬೇಡ, ಸುಣ್ಣಕ್ಕೆ ಹಾಕು ಎಂದು ನಮಗೆ ಕಲಿಸಿದವನೇ ನೀನು ಎಂದಳು. ಹುಳದ ಮನೆಗಲ್ಲ, ಹಲ್ಲಿಯ ಹೊಟ್ಟೆಗೆ ಎಂದೆ. ನನ್ನ ಮಾತು ಸರಿಯಾಗಿಯೇ ಇತ್ತು.

ಜುಲೈ ೫

ಊರಲ್ಲಿ ಎರಡು ಬೆಳೆಗಳ ನಡುವೆ ಹುಳವೇ ಇರುವುದಿಲ್ಲ. ಹಲ್ಲಿಗೆ ಅದು ಗೊತ್ತೆ? ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಮಂಜಮ್ಮ ಕೊಟ್ಟ ಹುಳದಲ್ಲಿ ನಲವತ್ತನ್ನು ಉಳಿಸಿ, ಹಿಂದಿನ ಕೋಣೆಯಲ್ಲಿ ಹಳೆಯ ಬಿದಿರು ಚಂದ್ರಿಕೆಯ ತುಂಡಿಗೆ ಬಿಟ್ಟೆ. ಗೂಡು ಕಟ್ಟಿದವು. ಮೊನ್ನೆ ಚಿಟ್ಟೆ ಎದ್ದವು. ನಮ್ಮವ್ವ ಮಾಡುತ್ತಿದ್ದಂತೆಯೇ ಕಾಗದ ಹಾಸಿ, ಮೇಲೆ ತಂಬಿಗೆ ಮುಚ್ಚಿ ಮೊಟ್ಟೆ ಇಡಿಸಿದೆ. ಈಗ ಯಾರೂ ಹೀಗೆ ಮಾಡುವುದಿಲ್ಲ. ತಾಯಿ ಚಿಟ್ಟೆಯನ್ನು ಅರೆದು, ಯಂತ್ರದಲ್ಲಿ ನೋಡಿ, ರೋಗವಿಲ್ಲ ಎಂದು ಗೊತ್ತುಮಾಡಿದ ಮೊಟ್ಟೆಯನ್ನೇ ತರುತ್ತಾರೆ. ಮಾರುವವರಿಗೆ ಅದು ಸರಿ. ಇವನ್ನು ಯಾರಿಗೆ ಮಾರಬೇಕು?

ಕೈ ಮರೆತಿಲ್ಲ ಅಕ್ಕ. ಸಾಸಿವೆ ಚೆಲ್ಲಿದ ಹಾಗೆ ಮೊಟ್ಟೆ.

ಜುಲೈ ೨೦

ನನ್ನ ಹುಳ ಮೊಟ್ಟೆ ಒಡೆದು ಐದು ದಿನ. ಅಪ್ಪನ ಚಾಕುವಿನಲ್ಲೇ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ ಮತ್ತೆ ಆ ವಾಸನೆ, ಎಳೆಯ ಸೊಪ್ಪಿನದು. ಎರಡು ವರ್ಷದಿಂದ ನನ್ನ ಮೈಗೆ ಏನು ಕಡಿಮೆಯಾಗಿತ್ತೆಂದು ಈಗ ಗೊತ್ತಾಯಿತು.

ಬೆಳಿಗ್ಗೆ ಪೆದ್ದಣ್ಣನ ಮನೆಯಲ್ಲಿ ಮೊದಲ ಸೊಪ್ಪು. ನಮ್ಮೂರಲ್ಲಿ ಇನ್ನೂ ಮೊಟ್ಟೆ ತಂದು ಮನೆಯಲ್ಲೇ ಚಾಕಿ ಕಟ್ಟಿ ಮರಿಹುಳ ಸಾಕುತ್ತಾರೆ. ಹುಳ ಒಡೆದ ದಿನ ನಾನು ಹೋಗದೆ ಯಾರೂ ಸೊಪ್ಪು ಹಾಕುವುದಿಲ್ಲ. ದೊಡ್ಡರಂಗಯ್ಯನ ಕೈಗುಣ ಎನ್ನುತ್ತಾರೆ. ನಾನು ಚಾಕು ಒಯ್ಯಬೇಕು, ನಾನೇ ಹೆಚ್ಚಬೇಕು, ಮೊದಲ ಮೂರು ಹಿಡಿ ನನ್ನ ಬಲಗೈಯಿಂದ ಬೀಳಬೇಕು. ಆಮೇಲೆ ಮನೆಯವರು. ಮೂವತ್ತು ವರ್ಷದಲ್ಲಿ ನಾನು ಸೊಪ್ಪು ಹಾಕಿದ ಮನೆಯಲ್ಲಿ ಬೆಳೆ ಪೂರ್ತಿ ಹೋದದ್ದಿಲ್ಲ. ನಾನು ಈ ಊರಲ್ಲಿ ಬೇರೇನೂ ಆಗಿಲ್ಲ ಅಕ್ಕ. ಮೆಂಬರಾಗಲಿಲ್ಲ, ಯಜಮಾನನಾಗಲಿಲ್ಲ. ಈ ಕೈ ಆಗಿದ್ದೇನೆ.

ನನ್ನ ಹುಳಗಳಿಗೆ ಬೆಳಗಿನ ಸೊಪ್ಪು ಹಾಕಿ, ಚಾಕುವನ್ನು ಪಂಚೆಯಲ್ಲಿ ಒರೆಸಿಕೊಂಡು ನೇರವಾಗಿ ಹೋದೆ. ಪೆದ್ದಣ್ಣ ಕಾಲಿಗೆ ನೀರು ಕೊಟ್ಟ. ಕೈಗೆ ಕೊಡಲಿಲ್ಲ. ಕೈಗೆ ಕೊಡುವ ಪದ್ಧತಿಯಿಲ್ಲ. ಗುಣ ತೊಳೆದುಹೋಗುತ್ತದಂತೆ.

ಆಗಸ್ಟ್ ೩

ಪೆದ್ದಣ್ಣನ ಹುಳ ಮೂರನೇ ಜ್ವರ ಒಟ್ಟಿಗೆ ಬಿಡಲಿಲ್ಲವಂತೆ. ಒಂದೇ ತಟ್ಟೆಯಲ್ಲಿ ಅಕ್ಕಿಯಷ್ಟು ಒಂದು, ಹುಣಸೆ ಬೀಜದಷ್ಟು ಒಂದು. ಪಕ್ಕದ ಹೊಲದ ಚೆಂಡು ಹೂವಿಗೆ ಔಷಧಿ ಹೊಡೆದಿದ್ದಾರೆ, ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತಿದೆ ಎಂದೆ. ಎಲ್ಲರೂ ಒಪ್ಪಿದರು.

ನನ್ನವೂ ಸ್ವಲ್ಪ ಏರುಪೇರು. ಹಲ್ಲಿಗಳು ದೊಡ್ಡದು ಚಿಕ್ಕದು ನೋಡುವುದಿಲ್ಲ. ಜಿಲೇಬಿಯ ಬಾಲ ದಪ್ಪಗಾಗಿದೆ. ಬಾಲದಲ್ಲೇ ಕೊಬ್ಬು ಕೂಡಿಡುತ್ತವಂತೆ, ದಪ್ಪಗಾದರೆ ಆರೋಗ್ಯ ಎಂದು ಅಂಜನ್ ಫೋನಿನಲ್ಲಿ ಖುಷಿಪಟ್ಟ.

ಆಗಸ್ಟ್ ೯

ಪೆದ್ದಣ್ಣ ಇಡೀ ಮನೆಯ ಹುಳವನ್ನು ಗುಂಡಿಗೆ ಹಾಕಿದ. ಶ್ರಾವಣ ಶುಕ್ರವಾರ. ಅವನ ಹೆಂಡತಿ ಬಾಗಿಲಿಗೆ ರಂಗೋಲಿ ಬಿಡಲಿಲ್ಲ.

ಆಗಸ್ಟ್ ೧೪

ಮಂಜಮ್ಮನ ಮನೆಯಲ್ಲಿ ಮೊದಲ ಸೊಪ್ಪು ಹಾಕಿ ಬಂದೆ. ಪೆದ್ದಣ್ಣನ ಮನೆಯ ಗ್ರಹಚಾರ ಇತ್ತ ಬರದಿರಲಿ ಎಂದು ಅವಳು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಳು. “ನಿನ್ ಕೈಯೊಂದಿದ್ರೆ ನಂಗ್ ಯಾವ್ ಭಯಾನೂ ಇಲ್ಲ ಬುಡು ಮಾವ” ಎಂದಳು.

ನನ್ನ ಎರಡನೇ ತಂಡದ ಚಿಟ್ಟೆ ಎದ್ದಿವೆ. ಕೆಲವಕ್ಕೆ ರೆಕ್ಕೆ ಬಿಚ್ಚಲು ಆಗುತ್ತಿಲ್ಲ, ಮುದುಡಿಕೊಂಡೇ ಇವೆ. ಹಲ್ಲಿ ಅವನ್ನೂ ತಿಂದಿತು.

ಆಗಸ್ಟ್ ೨೫

ಭುವನಾಳ ಹೊಸ ಹುಳದ ಮನೆಗೆ ಶೀಟು ಹೊದಿಸುವುದು ಮುಗಿಯಿತು. ಹೋಗಿ ನೋಡಿದೆ. ನಾಲ್ಕೂ ಕಡೆ ಜಾಲರಿ, ಬಾಗಿಲಲ್ಲಿ ಸುಣ್ಣದ ನೀರಿಗೆ ತೊಟ್ಟಿ. ಹನ್ನೊಂದು ವರ್ಷ ಹಿಂದೂಪುರದ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸಿನಲ್ಲಿ ಹೋಗಿ ಬಂದವಳು. ಹೊಲಿಗೆ ಮೆಷಿನ್ನಿನ ಮುಂದೆ ಬಗ್ಗಿ ಬಗ್ಗಿ ಮೂವತ್ತಾರಕ್ಕೇ ಸೊಂಟ ಹಿಡಿದುಕೊಂಡು ಏಳುತ್ತಾಳೆ. ಗಂಡ ಬಿಟ್ಟ ಮೇಲೆ ಯಾರ ಮುಂದೆಯೂ ಕೈಚಾಚದವಳು. ಈ ಒಂದು ಬೆಳೆ ಎದ್ದುನಿಂತರೆ ಇಲ್ಲೇ ಇರುತ್ತಾಳೆ. ಬಿದ್ದರೆ ಮತ್ತೆ ಅದೇ ಬಸ್ಸು.

“ಪಿತೃಪಕ್ಷ ಹುಟ್ಟೋಕ್ ಮುಂಚೆ ಹುಳ ಒಡೀಬೇಕು, ಹದಿನಾರಕ್ಕೆ ಲೆಕ್ಕ ಇಟ್ಟಿದೀನಿ. ಅವತ್ತು ಯಾರ್ ಮನೆಗೂ ಹೋಗ್ಬ್ಯಾಡ ಕಣಪ್ಪ, ನಿನ್ ಕೈ ನಂಗೇ” ಎಂದಳು.

ಸೆಪ್ಟೆಂಬರ್ ೪

ನಿನ್ನೆ ಮಂಜಮ್ಮನದೂ ಹೋಯಿತು.

ಇವತ್ತು ರೇಷ್ಮೆ ಕಚೇರಿಯ ನವೀನ್ ಕುಮಾರ್ ಬಂದಿದ್ದರು. ಮಂಜಮ್ಮನ ಹುಳವನ್ನು ಅರೆದು ಯಂತ್ರದಲ್ಲಿ ನೋಡಿ, ಹೊರಗೆ ಬಂದು ಕೈ ತೊಳೆದುಕೊಂಡರು. ತೊಳೆದರು, ತೊಳೆದರು, ಎಷ್ಟು ಹೊತ್ತು. ಆಮೇಲೆ ಎಲ್ಲರನ್ನೂ ಬೇವಿನ ಕಟ್ಟೆಗೆ ಕರೆದರು. ಔಷಧಿಯಲ್ಲ, ಗಾಳಿಯಲ್ಲ, ಗಂಟು ರೋಗ ಎಂದರು. ಈ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯಲ್ಲೇ ಇಳಿಯುತ್ತದೆ. ಒಂದು ಸಲ ಬಂದರೆ ಧೂಳಿನಲ್ಲಿ, ಬಟ್ಟೆಯಲ್ಲಿ, ಕೈಯಲ್ಲಿ, ಸೊಪ್ಪು ಹೆಚ್ಚುವ ಚಾಕುವಿನಲ್ಲಿ ಕೂತಿರುತ್ತದೆ. ಆಗತಾನೆ ಒಡೆದ ಹುಳ ತಿಂದರೆ ಆ ಬೆಳೆ ಮುಗಿದಂತೆ. ಊರಿಗೆ ಬಂದ ಮೊಟ್ಟೆಯೆಲ್ಲ ಪರೀಕ್ಷೆಯಾದದ್ದೇ, ಅದರ ಉಳಿಕೆಯನ್ನೂ ಮತ್ತೆ ನೋಡಿಸಿದ್ದೇನೆ, ಚೊಕ್ಕವಾಗಿದೆ ಎಂದರು.

“ಯಾರಾದ್ರೂ ಮನೇಲೇ ಚಿಟ್ಟೆ ಎಬ್ಬಿಸಿ ಮೊಟ್ಟೆ ಇಡ್ಸಿದೀರಾ? ಬೈಯೋಕ್ ಕೇಳ್ತಿಲ್ಲ. ಈಗ ಹೇಳಿದ್ರೆ ಆ ಮನೆ ಒಂದನ್ನ ಸುಟ್ಟು ಶುದ್ಧ ಮಾಡಿದ್ರೆ ಸಾಕು, ಊರು ಉಳೀತದೆ” ಎಂದು ಕೇಳಿದರು.

ಪೆದ್ದಣ್ಣನೇ ಎದ್ದು, “ಅಣ್ಣನ್ ಕೈ ಬಿದ್ದಿದ್ ಮನೆಗೇ ಹಿಂಗಾಯ್ತಲ್ಲ ಸಾರ್. ಇನ್ನ ಯಾರ್ ಕೈ ನಂಬಾದು” ಎಂದ. ಅವನು ನನ್ನ ಕಡೆ ಮರುಕದಿಂದ ನೋಡಿದ. ಎಲ್ಲರೂ ನೋಡಿದರು. ನನಗೆ ಅನ್ಯಾಯವಾಗಿದೆ ಎಂಬಂತೆ.

ಕಟ್ಟೆಯ ಪಕ್ಕದ ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿತು. ಮಂಜಮ್ಮ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಮುಟ್ಟಿದೆ.

ಸೆಪ್ಟೆಂಬರ್ ೫

ಹಿಂದಿನ ಕೋಣೆಯ ಕಿಟಕಿ ತೆರೆದು, ಕನ್ನಡಕ ಹಾಕಿಕೊಂಡು ನೋಡಿದೆ. ಹುಳದ ಮೈಮೇಲೆ ಕಾಳುಮೆಣಸಿನ ಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆ. ಒಂದರ ಮೇಲಲ್ಲ.

ಬೇರೆ ಯಾವುದಾದರೂ ರೋಗವಿರಬಹುದು. ನನಗೆ ವಯಸ್ಸಾಗಿದೆ, ಕಣ್ಣು ಸರಿಯಿಲ್ಲ.

ಸುಡಬೇಕೆಂದು ಸೀಮೆಎಣ್ಣೆ ಹುಡುಕಿದೆ. ಹಿತ್ತಲಲ್ಲಿ ಹೊಗೆ ಎದ್ದರೆ ಯಾರಾದರೂ ಕೇಳುತ್ತಾರೆ. ಸುಟ್ಟರೆ ಹಲ್ಲಿಗೆ ಮೇವೂ ಇಲ್ಲ. ಅವು ತಿಂದು ಮುಗಿಸಿದರೆ ಸುಟ್ಟಂತೆಯೇ ಅಲ್ಲವೆ? ಇವತ್ತು ಇಪ್ಪತ್ತು ಹಾಕಿದೆ.

ಸೆಪ್ಟೆಂಬರ್ ೧೧

ಗೌರಿ ಹಬ್ಬಕ್ಕೆ ಭುವನಾ ಒಬ್ಬಟ್ಟು ಕೊಟ್ಟು ಹೋಗಿದ್ದಳು. ಬಾಗಿಲಲ್ಲೇ ಇಸಿದುಕೊಂಡು ಕಳಿಸಿದೆ. ಒಳಗೆ ಕರೆಯಲಿಲ್ಲ ಎಂದು ಅವಳಿಗೆ ಬೇಸರವಾಗಿರಬೇಕು. ಹಿಂದಿನ ಕೋಣೆಗೆ ಬೀಗ ಹಾಕಿದ್ದೇನೆ. ಮೇವು ಇನ್ನೂ ನೂರರ ಮೇಲಿದೆ. ಮೂರೂ ಹಲ್ಲಿಗಳ ಬಾಲ ಈಗ ನನ್ನ ಹೆಬ್ಬೆರಳಿನಷ್ಟು ದಪ್ಪ. ಹೊಟ್ಟೆ ತುಂಬಿ, ಹುಳ ಮುಂದೆ ಬಿದ್ದರೂ ನನ್ನನ್ನೇ ನೋಡುತ್ತವೆ.

ಇವು ನಮ್ಮ ಗೋಡೆಯ ಹಲ್ಲಿಯ ಹಾಗೆ ಲೊಚಗುಟ್ಟುವುದೇ ಇಲ್ಲ. ಮೂರು ತಿಂಗಳಲ್ಲಿ ಒಂದು ಸದ್ದು ಕೇಳಿಲ್ಲ. ಮೊದಲು ಅದು ಅಪಶಕುನ ಎನ್ನಿಸಿತ್ತು. ಈಗ ಒಳ್ಳೆಯದೇ ಎನ್ನಿಸುತ್ತದೆ.

ಸೆಪ್ಟೆಂಬರ್ ೧೫

ನಾಳೆ ಭುವನಾಳ ಹುಳ ಒಡೆಯುತ್ತದೆ. ಮೊಟ್ಟೆಯ ಕಾಗದಕ್ಕೆ ಕಪ್ಪು ಬಟ್ಟೆ ಮುಚ್ಚಿದ್ದಾಳೆ.

ಮುದ್ದೆಗೆ ಎಸರಿಟ್ಟಿದ್ದೆ. ಕೈ ಜಾರಿ ಬಲಗೈ ಬೆಂದುಹೋಯಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಜಾರಿತು ಎಂದು ಬರೆದೆ. ಜಾರಲಿಲ್ಲ ಅಕ್ಕ. ಎಸರು ಕುದಿಯುವವರೆಗೆ ಕಾದು ಕೂತಿದ್ದೆ.

ಬೆಂದ ಕೈಯಿಂದ ಯಾರೂ ಮೊದಲ ಸೊಪ್ಪು ಹಾಕಿಸುವುದಿಲ್ಲ. ಅವಳು ಬೇರೆ ಯಾರನ್ನಾದರೂ ಕರೆಯುತ್ತಾಳೆ. ಅವಳ ಬೆಳೆ ಉಳಿಯುತ್ತದೆ. ನಾನು ಏನೂ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ ೧೬

ಬೆಳಿಗ್ಗೆ ಎಂಟಕ್ಕೆ ಭುವನಾ ಬಂದಳು. ಹಳದಿ ಸೀರೆ, ತಲೆಗೆ ಸ್ನಾನ ಮಾಡಿದ್ದಳು. ಕೈ ನೋಡಿ ಅತ್ತಳು. ಆಸ್ಪತ್ರೆಗೆ ನಡಿ ಎಂದಳು. ಅದೆಲ್ಲ ಆಮೇಲೆ, ನೀನು ಮಂಜಮ್ಮನ ಕೈಯಲ್ಲಿ ಸೊಪ್ಪು ಹಾಕಿಸು ಎಂದೆ. ಅವಳು ಕಣ್ಣೊರೆಸಿಕೊಂಡು ಅಡುಗೆಮನೆಯ ಗೋಡೆಗೂಡಿನ ಕಡೆ ನೋಡಿದಳು.

“ಕೈ ಇಲ್ದಿದ್ರೆ ಏನಪ್ಪ, ಚಾಕು ಐತಲ್ಲ. ತಾತನ್ ಕಾಲದಿಂದ ಹಿಡ್ದಿರೋದು. ಅದೇ ನಿನ್ ಕೈ ಅನ್ಕೋತೀನಿ” ಎಂದಳು.

ನಾನು ನೋಡುತ್ತಿದ್ದ ಹಾಗೆಯೇ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಸುತ್ತಿ ಹೋದಳು.

ನಾನು ಕೂತೇ ಇದ್ದೆ. ಆಮೇಲೆ ಎದ್ದು ಹೋದೆ, ಚಪ್ಪಲಿ ಹಾಕಿಕೊಳ್ಳದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ. ಹೊಸ ಹುಳದ ಮನೆಯ ಮುಂದೆ ಮಂಜಮ್ಮ, ಪೆದ್ದಣ್ಣ, ಹುಳ ಮೇಯಿಸುವ ರಂಗರಾಜು, ಎಲ್ಲರೂ ಇದ್ದರು. ನನ್ನನ್ನು ಕಂಡು ದಾರಿ ಬಿಟ್ಟರು. ಸುಟ್ಟ ಕೈ ಹೊತ್ತುಕೊಂಡು ಮಗಳಿಗಾಗಿ ಬಂದನಲ್ಲ ಎಂದು ಯಾರೋ ಅಂದರು. ಒಳಗೆ ಭುವನಾ ಸೊಪ್ಪಿನ ಮೇಲೆ ಚಾಕು ಇಟ್ಟಿದ್ದಳು.

“ಭುವನಾ, ಆ ಚಾಕು” ಎಂದೆ.

ಎಲ್ಲರೂ ನನ್ನ ಮುಖವನ್ನೇ ನೋಡಿದರು ಅಕ್ಕ. ಮೂವತ್ತು ವರ್ಷದಿಂದ ನೋಡಿದ ಹಾಗೆಯೇ.

“ಆ ಚಾಕು ಮೊಂಡಾಗೈತೆ ಕಣಮ್ಮ. ಬೇರೇದ್ ತಗೋ” ಎಂದೆ.

ಅವಳು ನಕ್ಕಳು. “ದಾರೀಲೇ ಕಲ್ಲಿಗೆ ಮಸ್ಕೊಂಡ್ ಬಂದೆ ಬುಡಪ್ಪ” ಎಂದು ಹೆಚ್ಚಿದಳು. ಮೂರು ಹಿಡಿ ಹಾಕಿದಳು. ಹುಳ ತಲೆಯೆತ್ತಿದವು.

ಸೆಪ್ಟೆಂಬರ್ ೨೧

ಬರೆಯುವುದಕ್ಕೆ ಏನೂ ಇಲ್ಲ. ಮೊದಲ ಜ್ವರ ಚೆನ್ನಾಗಿ ಬಿಟ್ಟಿತಂತೆ. ಹಾಗಾದರೆ ಎಲ್ಲ ನನ್ನ ಕಲ್ಪನೆಯೇ ಇರಬಹುದು.

ಸೆಪ್ಟೆಂಬರ್ ೨೯, ಭಾನುವಾರ

ಭುವನಾ ಬಂದಿದ್ದಳು. ಜಗಲಿಯ ಮೇಲೆ ಸೊಂಟ ಹಿಡಿದುಕೊಂಡು ಕೂತಳು. ಮೂರನೇ ಜ್ವರದಲ್ಲಿ ಹುಳ ಏರುಪೇರಾಗಿವೆ ಅಪ್ಪ, ಅಕ್ಕಿಯಷ್ಟು ಒಂದು, ಹುಣಸೆ ಬೀಜದಷ್ಟು ಒಂದು ಎಂದಳು. ನಾನು ಪೆದ್ದಣ್ಣನ ಹುಳದ ಬಗ್ಗೆ ಬರೆದ ಮಾತನ್ನೇ ನನ್ನ ಮಗಳು ಹೇಳಿದಳು. ತನ್ನಿಂದ ಏನು ತಪ್ಪಾಯಿತು ಎಂದು ಒಂದೊಂದೇ ಎಣಿಸಿದಳು. ತೊಟ್ಟಿಗೆ ಸುಣ್ಣ ಕಡಿಮೆಯಾಯಿತೇನೋ, ಒದ್ದೆ ಸೊಪ್ಪು ಹಾಕಿದೆನೇನೋ, ಗಂಡ ಬಿಟ್ಟವಳು ಮೊದಲ ಸೊಪ್ಪು ಹಾಕಬಾರದಿತ್ತೇನೋ.

ಆ ಕೊನೆಯ ಮಾತು.

ಹೋಗುವಾಗ ಹೇಳಿದಳು, ನಾಳೆ ರಂಗರಾಜು ಮನೆಯಲ್ಲಿ ಹುಳ ಒಡೆಯುತ್ತದೆ, ಚಾಕು ಕೇಳಿದ್ದಾನೆ, ನಾನೇ ಬೆಳಿಗ್ಗೆ ಕೊಟ್ಟು ಬರುತ್ತೇನೆ ಎಂದು. ಪಕ್ಷದಲ್ಲಿ ಒಳ್ಳೆಯ ಕೆಲಸ ಯಾರೂ ಮಾಡುವುದಿಲ್ಲ. ಹುಳ ಪಕ್ಷ ನೋಡುವುದಿಲ್ಲ.

ಅವಳು ಹೋದ ಮೇಲೆ ಬೀಗ ತೆಗೆದೆ. ಹಿಂದಿನ ಕೋಣೆಯ ತಟ್ಟೆ, ಚಂದ್ರಿಕೆ, ಮೊಟ್ಟೆಯ ಕಾಗದ, ಚಾಕು ಒರೆಸಿದ ಆ ಪಂಚೆ, ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟೆ. ಹೊಗೆ ನೋಡಿ ಯಾರೂ ಏನೂ ಕೇಳಲಿಲ್ಲ. ಅಷ್ಟು ದಿನ ಹೆದರಿದ್ದಕ್ಕೆ ಅದೊಂದೇ ಉತ್ತರ. ಹಲ್ಲಿಗಳ ಪೆಟ್ಟಿಗೆ ಜಗಲಿಯ ಮೇಲಿದೆ. ಬಾಲದಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡು ಎರಡು ವಾರ ಇರುತ್ತವೆ. ಅಂಜನ್‌ಗೆ ಬಂದು ಒಯ್ಯಲು ಹೇಳಿದ್ದೇನೆ.

ಅಕ್ಕ, ನಿನಗೆ ಬರೆಯುವುದು ಸುಲಭವಿತ್ತು. ನೀನು ತಿರುಗಿ ಕೇಳುವುದಿಲ್ಲ. ಇನ್ನು ನಿನಗೆ ಬರೆಯುವುದಿಲ್ಲ.

ಭುವನಾ, ಬಾಯಲ್ಲಿ ಹೇಳಲು ಹೋದರೆ ನಾನು ಮತ್ತೆ ಚಾಕು ಮೊಂಡು ಎನ್ನುತ್ತೇನೆ. ಅದಕ್ಕೇ ಈ ನೋಟುಬುಕ್ಕನ್ನು ಈಗಲೇ ತಂದು ನಿನ್ನ ಹುಳದ ಮನೆಯ ಹೊರಗೆ, ಸುಣ್ಣದ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಇಡುತ್ತೇನೆ. ಇಟ್ಟು, ನಿನ್ನನ್ನು ಕೂಗಿ ಕರೆದು, ದೂರದಲ್ಲಿ ನಿಂತಿರುತ್ತೇನೆ. ಒಳಗೆ ಒಯ್ಯಬೇಡ, ಓದಿದ ಮೇಲೆ ಕೈ ತೊಳೆದುಕೋ. ನಿನ್ನಿಂದ ಏನೂ ತಪ್ಪಾಗಿಲ್ಲ ಮಗಳೇ. ನಾಳೆ ಬೆಳಗಾಗುವುದರೊಳಗೆ ಓದಿ ಮುಗಿಸು, ಚಾಕುವನ್ನು ರಂಗರಾಜುಗೆ ಕೊಡಬೇಡ. ನವೀನ್ ಕುಮಾರ್ ಅವರಿಗೆ ಫೋನು ಮಾಡು. ಜೂನ್ ಒಂಬತ್ತರಿಂದ ಓದು.